ಓಟದ ಲೆಕ್ಕ ಮತ್ತು ಕರ್ತೃವಿನ ಪ್ರಶ್ನೆ

ಸಮತಟ್ಟಾದ ನೆಲದ ಮೇಲೆ ಒಂದೇ ವೇಗದಲ್ಲಿ ಓಡುತ್ತಿರುವ ಮನುಷ್ಯನು, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಭೌತಶಾಸ್ತ್ರದ ಕಟ್ಟುನಿಟ್ಟಾದ ಅರ್ಥದಲ್ಲಿ ಒಟ್ಟಾರೆ ಯಾವ ಕೆಲಸವನ್ನೂ ಮಾಡುತ್ತಿರುವುದಿಲ್ಲ. ಬಲವೊಂದು ವಸ್ತುವನ್ನು ತನ್ನ ದಿಕ್ಕಿನಲ್ಲಿ ಸರಿಸಿ ಅದರ ಎತ್ತರವನ್ನೋ ವೇಗವನ್ನೋ ಹೆಚ್ಚಿಸಿದಾಗ ಮಾತ್ರ ಕೆಲಸ ನಡೆಯಿತೆಂದು ಆ ಶಾಸ್ತ್ರವು ಒಪ್ಪುತ್ತದೆ; ಓಟಗಾರನ ದೇಹವಾದರೋ ಒಂದು ಮೈಲಿಯ ಕೊನೆಗೂ ಮೊದಲಿದ್ದ ಎತ್ತರದಲ್ಲೇ, ಮೊದಲಿದ್ದ ವೇಗದಲ್ಲೇ ಇರುತ್ತದೆ. ಆದರೂ ಅವನು ಏದುಸಿರು ಬಿಡುತ್ತಾನೆ, ಬೆವರುತ್ತಾನೆ, ಉಂಡದ್ದನ್ನು ಕರಗಿಸಿಕೊಳ್ಳುತ್ತಾನೆ. ಇಟಲಿಯ ಶರೀರಕ್ರಿಯಾವಿಜ್ಞಾನಿ ಮಾರ್ಗೇರಿಯಾ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಓಟದ ವೆಚ್ಚವು ದೇಹತೂಕದ ಪ್ರತಿ ಕಿಲೋಗ್ರಾಂಗೆ, ಪ್ರತಿ ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ, ಮತ್ತು ಈ ವೆಚ್ಚವು ವೇಗವನ್ನು ಹೆಚ್ಚುಕಡಿಮೆ ಅವಲಂಬಿಸುವುದೇ ಇಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಕವಲು ರೈಲುದಾರಿಯ ಉದ್ದ ಸುಮಾರು 16 ಕಿ.ಮೀ.; ಅಷ್ಟು ದೂರವನ್ನು ಸಮನೆಲದಲ್ಲಿ ಓಡುವ 60 ಕಿಲೋ ತೂಕದ ವ್ಯಕ್ತಿಯು, ಬೇಗ ಓಡಲಿ, ನಿಧಾನವಾಗಿ ಓಡಲಿ, ಸಾವಿರಕ್ಕೆ ತುಸು ಕಡಿಮೆ ಕಿಲೋಕ್ಯಾಲೊರಿಗಳನ್ನು ತೆರುತ್ತಾನೆ. ಗಟ್ಟಿಯಾದ ಒಂದು ಹೊತ್ತಿನ ಊಟವೇ ಖರ್ಚಾಗಿದೆ, ಆದರೆ ಖರ್ಚಿನ ಎದುರಿಗೆ ಬರೆದುಕೊಳ್ಳಲು ಕೆಲಸವೆಂಬುದು ಉಳಿದಿಲ್ಲ.

ಈ ವೈಪರೀತ್ಯಕ್ಕೆ ಯಂತ್ರಶಾಸ್ತ್ರದಲ್ಲಿ ಉತ್ತರವಿದೆ, ಅದು ಮುಂದೆ ಬರುತ್ತದೆ. ಆದರೆ ಆ ಉತ್ತರ ದೊರೆತ ಮೇಲೂ ಇನ್ನೊಂದು ಪ್ರಶ್ನೆ ಹಾಗೆಯೇ ಉಳಿಯುತ್ತದೆ: ಓಡುತ್ತಿರುವವನು ಯಾರು? ಓಡಬೇಕೆಂದು ಸಂಕಲ್ಪಿಸಿದ ಆತ್ಮವೇ, ಹಿಗ್ಗಿ ಕುಗ್ಗುವ ಸ್ನಾಯುವೇ, ತಳ್ಳಿಸಿಕೊಂಡು ಮರುತಳ್ಳುವ ನೆಲವೇ, ಅಥವಾ ಹಾಗೆ ಒಬ್ಬನೆಂಬುವನು ಇಲ್ಲವೇ ಇಲ್ಲವೇ? ಭಾರತೀಯ ದರ್ಶನಗಳಲ್ಲಿ ಇದನ್ನು ಕರ್ತೃತ್ವದ ಪ್ರಶ್ನೆಯೆನ್ನುತ್ತಾರೆ. ಕರ್ತೃತ್ವವೆಂದರೆ ಕ್ರಿಯೆಗೆ ಸ್ವತಂತ್ರವಾದ ಆಶ್ರಯವಾಗಿರುವಿಕೆ, ಇದನ್ನು ಮಾಡಿದವನು ಇವನೇ ಎಂದು ಬೆರಳು ಮಾಡಿ ತೋರಿಸಬಹುದಾದ ನೆಲೆ. ಕೋಲಾರದ ಚಿನ್ನದ ಗಣಿಗಳ (ಕೆಜಿಎಫ್) ಸೀಮೆಯಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳುವುದಕ್ಕೆ ಕಾರಣಗಳಿವೆ. ಜಾನ್ ಟೇಲರ್ ಆ್ಯಂಡ್ ಸನ್ಸ್ ಕಂಪನಿಯು 1880ರಲ್ಲಿ ಇಲ್ಲಿಗೆ ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ ಮನುಷ್ಯದೇಹದ ದುಡಿಮೆಯನ್ನು ಅಳೆದು ತೂಗಿದ ನೆಲ ಇದು. ಕರ್ತೃವೇ ಇಲ್ಲವೆನ್ನುವ ಬೌದ್ಧಮತವನ್ನು ಗಣಿಕಾರ್ಮಿಕರು ಒಪ್ಪಿಕೊಂಡ ನೆಲವೂ ಇದು. ಹೊತ್ತವನ ಕಾಲಿನಲ್ಲಿ ದೇವಿಯೇ ಹೆಜ್ಜೆಯಿಡುತ್ತಾಳೆಂದು ನಂಬುವ ಕರಗ ಉತ್ಸವದ ಸೀಮೆಯೂ ಇದೇ.

ಚಲನೆಯ ಕಾರಣಗಳನ್ನು ಬಿಡಿಸಿ ನೋಡುವ ಕೆಲಸವನ್ನು ಭಾರತದಲ್ಲಿ ಮೊದಲು ಶಿಸ್ತಿನಿಂದ ಕೈಗೆತ್ತಿಕೊಂಡದ್ದು ವೈಶೇಷಿಕ ದರ್ಶನ. ಕಣಾದನ ಹೆಸರಿನಲ್ಲಿರುವ ಸೂತ್ರಗಳು ಕರ್ಮವನ್ನು, ಅಂದರೆ ಚಲನೆಯನ್ನು, ಐದಾಗಿ ವಿಂಗಡಿಸುತ್ತವೆ: ಮೇಲಕ್ಕೆತ್ತುವ ಉತ್ಕ್ಷೇಪಣ, ಕೆಳಕ್ಕಿಳಿಸುವ ಅವಕ್ಷೇಪಣ, ಮಡಿಚುವ ಆಕುಂಚನ, ಚಾಚುವ ಪ್ರಸಾರಣ, ಮತ್ತು ಉಳಿದೆಲ್ಲ ಬಗೆಯ ಸಂಚಾರವನ್ನು ಒಳಗೊಳ್ಳುವ ಗಮನ. ಓಡುವ ಕಾಲಿನಲ್ಲಿ ಈ ಐದೂ ಒಂದು ಸೆಕೆಂಡಿನೊಳಗೆ ನಡೆದುಹೋಗುತ್ತವೆ. ಇದಕ್ಕಿಂತ ಬೆಲೆಯುಳ್ಳದ್ದು ಆ ದರ್ಶನವು ಚಲನೆಯ ಕಾರಣಗಳಲ್ಲಿ ಮಾಡಿದ ಭೇದ. ಪ್ರಯತ್ನವೆಂಬುದು ಆತ್ಮದ ಗುಣ. ಅದರಲ್ಲಿ ಇಚ್ಛೆ ದ್ವೇಷಗಳಿಂದ ಹುಟ್ಟುವುದು ಒಂದು ಬಗೆಯಾದರೆ, ಉಸಿರಾಟದಂತೆ ಬದುಕಿರುವ ಮಾತ್ರಕ್ಕೇ ನಡೆಯುವುದು ಇನ್ನೊಂದು ಬಗೆ. ಗುರುತ್ವವು ಬೀಳುವಿಕೆಗೆ ಕಾರಣ. ಸಂಸ್ಕಾರವೆಂಬ ಗುಣವನ್ನು ಪ್ರಶಸ್ತಪಾದನು ತನ್ನ ಪದಾರ್ಥಧರ್ಮಸಂಗ್ರಹದಲ್ಲಿ ಮೂರಾಗಿ ವಿಂಗಡಿಸುತ್ತಾನೆ: ಒಮ್ಮೆ ಶುರುವಾದ ಚಲನೆಯನ್ನು ಮುಂದುವರಿಸುವ ವೇಗ, ನೆನಪನ್ನು ಉಳಿಸುವ ಭಾವನಾ, ಮತ್ತು ಬಗ್ಗಿಸಿದ ಬಿಲ್ಲನ್ನೋ ಕೊಂಬೆಯನ್ನೋ ಮೊದಲ ಸ್ಥಿತಿಗೆ ಮರಳಿಸುವ ಸ್ಥಿತಿಸ್ಥಾಪಕ. ಈ ಕೊನೆಯ ಹೆಸರೇ ಇಂದಿಗೂ ಕನ್ನಡದ ಶಾಲಾಪಠ್ಯಗಳಲ್ಲಿದೆ.

ವೈಶೇಷಿಕ ಸೂತ್ರಗಳ ಐದನೆಯ ಅಧ್ಯಾಯವು ಒನಕೆಯ ಕುಟ್ಟುವಿಕೆಯಿಂದ ಆರಂಭವಾಗುತ್ತದೆ. ಆತ್ಮದ ಸಂಯೋಗ ಮತ್ತು ಪ್ರಯತ್ನದಿಂದ ಕೈ ಚಲಿಸುತ್ತದೆ, ಕೈಯ ಸಂಯೋಗದಿಂದ ಒನಕೆ ಚಲಿಸುತ್ತದೆ, ಇಷ್ಟು ಸುಲಭ. ಆದರೆ ಒನಕೆಯು ಒರಳಿಗೆ ಅಪ್ಪಳಿಸಿ ಮೇಲಕ್ಕೆ ಚಿಮ್ಮಿದಾಗ ಆ ಚಿಮ್ಮುವಿಕೆಗೆ ಕಾರಣ ಅಭಿಘಾತ, ಅಂದರೆ ಬಡಿತವೇ ಹೊರತು ಕುಟ್ಟುವವಳ ಪ್ರಯತ್ನವಲ್ಲ. ಒನಕೆಯೊಂದಿಗೆ ಮೇಲೇಳುವ ಕೈ ಕೂಡ ಆ ಕ್ಷಣದಲ್ಲಿ ಅವಳ ಇಚ್ಛೆಯಿಂದ ಏಳುತ್ತಿಲ್ಲ. ಒಂದೇ ಕೈಯ ಒಂದೇ ಲಯದ ಏರಿಳಿತದಲ್ಲಿ ಒಂದರ್ಧ ಕರ್ತೃವಿನದು, ಇನ್ನೊಂದರ್ಧ ವಸ್ತುವಿನದು ಎಂಬ ಈ ವಿಂಗಡಣೆ ಅಷ್ಟು ಪ್ರಾಚೀನ ಗ್ರಂಥದಲ್ಲಿ ಇರುವುದು ಅಚ್ಚರಿಯ ಸಂಗತಿ. ನಮ್ಮ ಪೂರ್ವಿಕರಿಗೆ ಜೀವಯಂತ್ರಶಾಸ್ತ್ರ ತಿಳಿದಿತ್ತು ಎಂದು ಇದರಿಂದ ಹೆಮ್ಮೆಪಡುವುದು ಬಾಲಿಶವಾದೀತು, ಏಕೆಂದರೆ ಅವರು ಏನನ್ನೂ ಅಳೆಯಲಿಲ್ಲ. ಆದರೆ ಅಳತೆಗೆ ಮುಂಚೆ ಕೇಳಬೇಕಾದ ಪ್ರಶ್ನೆಯನ್ನು ಅವರು ಸರಿಯಾಗಿ ಕೇಳಿದ್ದರು.

ಅಳತೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ನಡಿಗೆಗೂ ಓಟಕ್ಕೂ ಇರುವ ವ್ಯತ್ಯಾಸ ವೇಗದ್ದಷ್ಟೇ ಅಲ್ಲ, ಜಾತಿಯದೇ ಬೇರೆ ಎಂಬುದು ಅದರಿಂದ ಸ್ಪಷ್ಟವಾಯಿತು. ನಡೆಯುವವನ ಕಾಲು ನೆಟ್ಟಗೆ ನಿಂತು, ದೇಹವು ಅದರ ಮೇಲೆ ಕಮಾನಿನಂತೆ ಏರಿ ಇಳಿಯುತ್ತದೆ. ಏರುವಾಗ ವೇಗ ತಗ್ಗುತ್ತದೆ, ಇಳಿಯುವಾಗ ಹೆಚ್ಚುತ್ತದೆ, ಹೀಗೆ ಎತ್ತರದ ಶಕ್ತಿಯೂ ವೇಗದ ಶಕ್ತಿಯೂ ಒಂದಕ್ಕೊಂದು ಸಾಲ ಕೊಟ್ಟು ಪಡೆಯುತ್ತವೆ. ಓಟದಲ್ಲಿ ಈ ಕೊಡುಕೊಳ್ಳುವಿಕೆ ನಡೆಯುವುದಿಲ್ಲ, ಏಕೆಂದರೆ ಕಾಲು ನೆಲಕ್ಕೂರಿದ ನಡುಗಾಲದಲ್ಲಿ ದೇಹವು ಅತ್ಯಂತ ಕೆಳಗೂ ಇರುತ್ತದೆ, ಅತ್ಯಂತ ನಿಧಾನವೂ ಆಗಿರುತ್ತದೆ. ಎರಡೂ ಶಕ್ತಿಗಳು ಒಟ್ಟಿಗೇ ಕುಸಿದು ಒಟ್ಟಿಗೇ ಏಳುವುದರಿಂದ, ಕುಸಿದದ್ದನ್ನು ಎಲ್ಲಾದರೂ ಕೂಡಿಡದೆ ಹೋದರೆ ಪ್ರತಿ ಹೆಜ್ಜೆಯಲ್ಲೂ ಅದು ವ್ಯರ್ಥವಾಗಬೇಕು. ಅದನ್ನು ಕೂಡಿಡುವ ಜಾಗ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಎಲುಬಿಗೆ ಬಿಗಿಯುವ ನಾರಿನ ಹುರಿ. ಬ್ರಿಟನ್ನಿನ ಮ್ಯಾಕ್‌ನೀಲ್ ಅಲೆಕ್ಸಾಂಡರ್ ಮತ್ತು ಅವರ ಜೊತೆಗಾರರು 1987ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಸುಮಾರು 70 ಕಿಲೋ ತೂಕದ ಓಟಗಾರನ ದೇಹವು ಒಂದು ಹೆಜ್ಜೆಯಲ್ಲಿ ಕಳೆದುಕೊಂಡು ಮರಳಿ ಗಳಿಸುವ ಸುಮಾರು 100 ಜೂಲ್ ಶಕ್ತಿಯಲ್ಲಿ 35 ಜೂಲ್‌ನಷ್ಟನ್ನು ಹಿಮ್ಮಡಿಯ ಹಿಂದಿರುವ ದೊಡ್ಡ ರಜ್ಜುವೂ, 17 ಜೂಲ್‌ನಷ್ಟನ್ನು ಅಂಗಾಲಿನ ಕಮಾನೂ ಹಿಗ್ಗಿ ಹಿಡಿದಿಟ್ಟುಕೊಂಡು ಬಹುಪಾಲನ್ನು ಹಿಂದಿರುಗಿಸುತ್ತವೆ. ಚಿಮ್ಮುವಿಕೆಯ ಅರ್ಧಕ್ಕರ್ಧ ಹೀಗೆ ಒನಕೆಯ ಚಿಮ್ಮುವಿಕೆಯೇ. ಅದರಲ್ಲಿ ಸಂಕಲ್ಪದ ಪಾಲಿಲ್ಲ. ಗಣಿಯ ಶಾಫ್ಟಿನಲ್ಲಿ ಒಂದೇ ಡ್ರಮ್ಮಿಗೆ ಎರಡು ಕೇಜುಗಳನ್ನು ಕಟ್ಟಿ, ಇಳಿಯುವ ಕೇಜಿನ ಭಾರವು ಏರುವ ಕೇಜನ್ನು ಎಳೆಯುವಂತೆ ಮಾಡಿದರೆ ಎಂಜಿನ್ನಿಗೆ ಉಳಿಯುವ ಹೊಣೆ ವ್ಯತ್ಯಾಸವನ್ನು ತುಂಬಿಕೊಡುವುದಷ್ಟೇ. ಓಡುವ ಕಾಲಿನಲ್ಲಿ ಸ್ನಾಯುವಿಗೆ ಉಳಿದಿರುವ ಹೊಣೆಯೂ ಹೆಚ್ಚುಕಡಿಮೆ ಅಷ್ಟೇ.

ಹಾಗಿದ್ದರೆ ಊಟದ ಶಕ್ತಿ ಹೋಗುವುದೆಲ್ಲಿಗೆ? ರಜ್ಜುವು ಹಿಗ್ಗಬೇಕಾದರೆ ಅದರ ಇನ್ನೊಂದು ತುದಿಯನ್ನು ಯಾರಾದರೂ ಬಿಗಿಯಾಗಿ ಹಿಡಿದಿರಬೇಕು, ಆ ಹಿಡಿತ ಮೀನಖಂಡದ ಸ್ನಾಯುವಿನದು. ಸ್ನಾಯುವಿನ ಒಳಗೆ ಎಳೆಗಳು ಒಂದನ್ನೊಂದು ಹಿಡಿದು ಬಿಟ್ಟು ಮತ್ತೆ ಹಿಡಿಯುವ ಪ್ರತಿ ಸಲವೂ ರಾಸಾಯನಿಕ ಇಂಧನ ಉರಿಯುತ್ತದೆ. ಸ್ನಾಯು ಕುಗ್ಗದೆ, ಕದಲದೆ, ಭಾರವನ್ನು ತಡೆದು ನಿಂತಿದ್ದರೂ ಉರಿಯುತ್ತದೆ. ಓಡುವವನ ಕಾಲಿನ ಮೇಲೆ ನಡುಹೆಜ್ಜೆಯಲ್ಲಿ ಬೀಳುವ ಬಲ ಅವನ ತೂಕದ ಎರಡೂವರೆ ಪಟ್ಟಿನಷ್ಟಿರುತ್ತದೆ. ಅಮೆರಿಕದ ಕ್ರ್ಯಾಮ್ ಮತ್ತು ಟೇಲರ್ ಎಂಬ ವಿದ್ವಾಂಸರು 1990ರಲ್ಲಿ ಮಂಡಿಸಿದ ವಾದದ ಸಾರವೂ ಇದೇ: ಓಟದಲ್ಲಿ ಪ್ರತಿ ಸೆಕೆಂಡಿಗೆ ಆಗುವ ವೆಚ್ಚವನ್ನು ನಿರ್ಧರಿಸುವುದು ಮಾಡಿದ ಕೆಲಸವಲ್ಲ, ಹೊತ್ತ ಭಾರ ಮತ್ತು ಅದನ್ನು ಹೊರಲು ಸಿಕ್ಕ ಕಾಲ. ಪಾದವು ನೆಲದ ಮೇಲೆ ಎಷ್ಟು ಕಡಿಮೆ ಹೊತ್ತು ಇರುತ್ತದೆಯೋ ಅಷ್ಟು ಚುರುಕಾದ, ಅಷ್ಟು ದುಬಾರಿಯಾದ ಎಳೆಗಳನ್ನು ಸ್ನಾಯು ಕೆಲಸಕ್ಕೆ ಹಚ್ಚಬೇಕಾಗುತ್ತದೆ. ಕಾಲನ್ನು ಮುಂದಕ್ಕೆ ಬೀಸುವುದಕ್ಕೂ ಒಂದು ಪಾಲು ಖರ್ಚಾಗುತ್ತದೆ. ಮನುಷ್ಯರಲ್ಲಿ ಅದು ಒಟ್ಟು ವೆಚ್ಚದ ಐದನೆಯ ಒಂದು ಭಾಗದ ಆಸುಪಾಸಿನಲ್ಲಿದೆಯೆಂದು ನಂತರದ ಅಳತೆಗಳು ತೋರಿಸಿವೆ. ದೊಡ್ಡ ಪಾಲು ಹೋಗುವುದು ಮುಂದೆ ಸಾಗುವುದಕ್ಕಲ್ಲ, ಬೀಳದಿರುವುದಕ್ಕೆ.

ಕಾಣೆಯಾದ ಶಕ್ತಿಯನ್ನು ಹುಡುಕುವ ಇನ್ನೊಂದು ಕಥೆಯೂ ಕೋಲಾರದ ಇದೇ ಗಣಿಸೀಮೆಯಲ್ಲಿ ನಡೆದಿದೆ, ಮತ್ತು ಅದು ಈ ವಿಚಾರಕ್ಕೆ ದೂರದ್ದಲ್ಲ. ಕೆಲವು ಪರಮಾಣುಗಳು ಒಡೆಯುವಾಗ ಶಕ್ತಿಯ ಲೆಕ್ಕ ತಾಳೆಯಾಗದಿದ್ದುದನ್ನು ಕಂಡ ಭೌತವಿಜ್ಞಾನಿ ವುಲ್ಫ್‌ಗ್ಯಾಂಗ್ ಪೌಲಿಯು 1930ರಲ್ಲಿ, ಶಕ್ತಿ ನಾಶವಾಗದೆಂಬ ನಿಯಮವನ್ನು ಕೈಬಿಡುವ ಬದಲು, ಯಾರ ಕಣ್ಣಿಗೂ ಬೀಳದ ಕಣವೊಂದು ಆ ಶಕ್ತಿಯನ್ನು ಹೊತ್ತೊಯ್ಯುತ್ತಿದೆಯೆಂದು ಊಹಿಸಿದನು. ನ್ಯೂಟ್ರಿನೊ ಎಂದು ಹೆಸರಾದ ಆ ಕಣವನ್ನು 1956ರಲ್ಲಿ ಪರಮಾಣು ಸ್ಥಾವರದ ಬಳಿ ಪತ್ತೆಹಚ್ಚಲಾಯಿತು. ಆಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದಲ್ಲಿ ಹುಟ್ಟಿಸುವ ನ್ಯೂಟ್ರಿನೊಗಳ ಗುರುತನ್ನು 1965ರಲ್ಲಿ ಜಗತ್ತಿನಲ್ಲಿ ಮೊದಮೊದಲು ಕಂಡ ಎರಡು ಜಾಗಗಳಲ್ಲಿ ಒಂದು ದಕ್ಷಿಣ ಆಫ್ರಿಕದ ಚಿನ್ನದ ಗಣಿ, ಇನ್ನೊಂದು ಕೆಜಿಎಫ್. ಇಲ್ಲಿ ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್‌ನವರೊಡನೆ ಸೇರಿ ಆ ಪ್ರಯೋಗವನ್ನು ನಡೆಸಿದರು. ವೈಶೇಷಿಕರು ಕಾರಣ ಕಾಣದ ಚಲನೆಗಳಿಗೆ, ಅಯಸ್ಕಾಂತದತ್ತ ಸೂಜಿ ಸರಿಯುವುದಕ್ಕೂ ಬೆಂಕಿಯ ಜ್ವಾಲೆ ಮೇಲೇರುವುದಕ್ಕೂ, ಅದೃಷ್ಟವೆಂಬ ಕಾರಣವನ್ನು ಹೇಳಿದ್ದರು. ಅದೃಷ್ಟವೆಂದರೆ ಅಲ್ಲಿ ಕಾಣದ್ದು ಎಂದಷ್ಟೇ. ಪೌಲಿಯ ಊಹೆಯೂ ಅದೇ ಜಾತಿಯದು, ಆದರೆ ಎಷ್ಟು ಶಕ್ತಿ ಕಾಣೆಯಾಗಿದೆಯೆಂದು ಹೇಳಿ ಅಷ್ಟನ್ನೇ ಹುಡುಕಲು ಅದು ದಾರಿ ತೋರಿಸಿತು. ಓಟದ ಲೆಕ್ಕದಲ್ಲಿ ಕಾಣೆಯಾದದ್ದಕ್ಕೂ ಇದೇ ಶಿಸ್ತು ಬೇಕು: ಅದನ್ನು ಆತ್ಮದ ಖಾತೆಗೆ ಬರೆಯುವ ಮೊದಲು ಸ್ನಾಯುವಿನ ಒಳಗೆ ಹುಡುಕಬೇಕು.

ಹುಡುಕಿ ಸಿಕ್ಕಿದ ಮೇಲೆ ಆತ್ಮಕ್ಕೆ ಏನು ಉಳಿಯುತ್ತದೆ? ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಯಾವುದೇ ಕರ್ಮ ಸಿದ್ಧಿಸಲು ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನವಾದ ಶರೀರ, ಕರ್ತಾ, ಬೇರೆಬೇರೆ ಕರಣಗಳು ಅಂದರೆ ಇಂದ್ರಿಯಗಳು, ನಾನಾ ಬಗೆಯ ಚೇಷ್ಟೆಗಳು, ಮತ್ತು ಐದನೆಯದಾಗಿ ದೈವ. ಹೀಗಿರುವಾಗ ತಾನೊಬ್ಬನೇ ಕರ್ತಾ ಎಂದು ತಿಳಿಯುವವನು ಸರಿಯಾಗಿ ಕಾಣದವನು ಎಂಬುದು ಅಲ್ಲಿನ ನಿಲುವು. ಈ ಐದರಲ್ಲಿ ಕರ್ತಾ ಯಾರೆಂಬುದರಲ್ಲಿ ಆಚಾರ್ಯರು ಬೇರೆಯಾಗುತ್ತಾರೆ. ಶಂಕರರಿಗೆ ಅದು ಉಪಾಧಿಗೆ ಕಟ್ಟುಬಿದ್ದು ಭೋಗಿಸುವ ಜೀವ, ನಿಜವಾದ ಆತ್ಮಕ್ಕೆ ಕರ್ತೃತ್ವದ ಲೇಪವೇ ಇಲ್ಲ. ರಾಮಾನುಜರಿಗೆ ಜೀವಾತ್ಮನು ನಿಜವಾಗಿಯೂ ಕರ್ತಾ, ಆದರೆ ಅವನ ಕರ್ತೃತ್ವವು ಪರಮಾತ್ಮನ ಅಧೀನ, ದೈವವೆಂದರೆ ಆ ಅಂತರ್ಯಾಮಿ. ಮಧ್ವರೂ ಜೀವನ ಕರ್ತೃತ್ವವನ್ನು ಒಪ್ಪಿ ಅದನ್ನು ಪರಾಧೀನವೆನ್ನುತ್ತಾರೆ. ಓಟದ ಯಂತ್ರಶಾಸ್ತ್ರವು ಈ ಮೂವರಲ್ಲಿ ಯಾರನ್ನೂ ಗೆಲ್ಲಿಸುವುದಿಲ್ಲ. ಅದು ತೋರಿಸುವುದು ಐದೆಂಬ ಸಂಖ್ಯೆಯ ಹಿಂದಿರುವ ವಿವೇಕವನ್ನು ಮಾತ್ರ: ರಜ್ಜು ಒಂದು ಪಾಲನ್ನು, ನೆಲ ಒಂದು ಪಾಲನ್ನು, ಬೆನ್ನುಹುರಿಯ ಪ್ರತಿಕ್ರಿಯೆಗಳು ಒಂದು ಪಾಲನ್ನು ಹೊತ್ತ ಮೇಲೆ, ಓಡುತ್ತೇನೆ ಎಂಬ ಮಾತಿನಲ್ಲಿ ಪ್ರಥಮ ಪುರುಷಕ್ಕಿಂತ ಉತ್ತಮ ಪುರುಷಕ್ಕೆ ಹೆಚ್ಚು ಹಕ್ಕಿದೆಯೆಂದು ಸಾಧಿಸುವುದು ಕಷ್ಟ.

ಅದೇ ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಅಕರ್ಮದಲ್ಲಿ ಕರ್ಮವನ್ನು ಕಾಣುವವನೇ ಬುದ್ಧಿವಂತನೆಂಬ ಮಾತು ಬರುತ್ತದೆ. ಆ ಮಾತಿನ ತಾತ್ಪರ್ಯ ಸ್ನಾಯುವಿನ ಬಗ್ಗೆ ಅಲ್ಲವೆಂಬುದು ನಿಜ. ಆದರೂ ಕದಲದೆ ಭಾರ ಹಿಡಿದಿರುವ ಮೀನಖಂಡಕ್ಕಿಂತ ಒಳ್ಳೆಯ ಉದಾಹರಣೆಯನ್ನು ಆ ಮಾತಿಗೆ ಹುಡುಕುವುದು ಕಷ್ಟ: ಹೊರಗಿನಿಂದ ನೋಡಿದರೆ ಅದು ಏನನ್ನೂ ಮಾಡುತ್ತಿಲ್ಲ, ಒಳಗೆ ಎಡೆಬಿಡದೆ ಉರಿಯುತ್ತಿದೆ.

ಕೆಜಿಎಫ್‌ನಲ್ಲಿ ಬೌದ್ಧಮತದ ಇತಿಹಾಸ ಈ ಚರ್ಚೆಗೆ ಬೇರೆಯೇ ತಿರುವನ್ನು ಕೊಡುತ್ತದೆ. ಪಂಡಿತ ಅಯೋತ್ತಿದಾಸರು (1845–1914) 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘವನ್ನು ಕಟ್ಟಿದರು; ಅಸ್ಪೃಶ್ಯರೆನಿಸಿಕೊಂಡವರು ಮೂಲದಲ್ಲಿ ಬೌದ್ಧರು, ಧರ್ಮವನ್ನು ಬಿಡದಿದ್ದುದಕ್ಕಾಗಿಯೇ ಅವರನ್ನು ಕೀಳು ಮಾಡಲಾಯಿತು ಎಂಬುದು ಅವರ ವಾದವಾಗಿತ್ತು. 1907ರಲ್ಲಿ ಅವರು ಆರಂಭಿಸಿದ ವಾರಪತ್ರಿಕೆಯ ಓದುಗರಲ್ಲಿ ಗಣಿಯ ಲೈನ್ ಮನೆಗಳ ತಮಿಳು ಕಾರ್ಮಿಕರಿದ್ದರು. ಸಂಘದ ಶಾಖೆ ಮಾರಿಕುಪ್ಪಂನಲ್ಲಿ ನೆಲೆಯೂರಿತು, ಅಯೋತ್ತಿದಾಸರ ನಂತರ ಚಳವಳಿಯ ಮುಖ್ಯ ನೆಲೆಗಳಲ್ಲಿ ಒಂದಾಗಿ ಉಳಿದದ್ದೂ ಈ ಗಣಿಸೀಮೆಯೇ. ಅಂಬೇಡ್ಕರರ ದೀಕ್ಷೆಗೆ ಅರ್ಧ ಶತಮಾನ ಮುಂಚೆ ಇಲ್ಲಿ ಬುದ್ಧನನ್ನು ಶರಣುಹೋದವರಿದ್ದರು ಎಂಬುದು ಕನ್ನಡದ ಓದುಗರಿಗೆ ಇನ್ನೂ ಸಾಕಷ್ಟು ಪರಿಚಯವಾಗದ ಸಂಗತಿ.

ಆ ಬುದ್ಧಮತದ ತತ್ತ್ವಗ್ರಂಥಗಳಲ್ಲಿ ನಡೆಯುವ ಕಾಲಿಗೆ ವಿಶೇಷ ಸ್ಥಾನವಿದೆ. ಐದನೆಯ ಶತಮಾನದ ಬುದ್ಧಘೋಷನು ವಿಸುದ್ಧಿಮಗ್ಗದಲ್ಲಿ ಒಂದೇ ಹೆಜ್ಜೆಯನ್ನು ಆರು ತುಂಡು ಮಾಡುತ್ತಾನೆ: ಎತ್ತುವುದು, ಮುಂದೊಯ್ಯುವುದು, ಪಕ್ಕಕ್ಕೆ ಸರಿಸುವುದು, ಇಳಿಬಿಡುವುದು, ಊರುವುದು, ಮುಂದಿನ ಹೆಜ್ಜೆಗಾಗಿ ಒತ್ತುವುದು. ಮೊದಲ ಮೂರರಲ್ಲಿ ತೇಜಸ್ಸು ಮತ್ತು ವಾಯು ಪ್ರಬಲ, ಪೃಥ್ವಿ ಮತ್ತು ಜಲ ಮಂದ; ಕೊನೆಯ ಮೂರರಲ್ಲಿ ಇದು ತಿರುವುಮುರುವಾಗುತ್ತದೆ. ಒಂದು ತುಂಡಿನಲ್ಲಿ ಹುಟ್ಟಿದ್ದು ಇನ್ನೊಂದಕ್ಕೆ ದಾಟದೆ ಅಲ್ಲಲ್ಲೇ ಅಳಿಯುತ್ತದೆ, ಹೆಜ್ಜೆಯುಂಟು, ಹೆಜ್ಜೆಯಿಡುವ ನಿತ್ಯನಾದ ಒಬ್ಬನಿಲ್ಲ ಎಂಬುದು ಅವನ ನಿರ್ಣಯ. ನಾಗಾರ್ಜುನನು ಮೂಲಮಧ್ಯಮಕಕಾರಿಕೆಯ ಎರಡನೆಯ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗುತ್ತಾನೆ: ನಡೆದು ಮುಗಿದ ದಾರಿಯಲ್ಲಿ ನಡಿಗೆಯಿಲ್ಲ, ನಡೆಯದ ದಾರಿಯಲ್ಲಂತೂ ಇಲ್ಲ, ನಡಿಗೆಯಿಲ್ಲದೆ ನಡೆಯುವವನಿಲ್ಲ, ನಡೆಯುವವನಿಲ್ಲದೆ ನಡಿಗೆಯಿಲ್ಲ. ಸ್ಥಿತಿಸ್ಥಾಪಕ ರಜ್ಜುವನ್ನು ಕಂಡ ಆಧುನಿಕನು ಬುದ್ಧಘೋಷನೊಡನೆ ಒಂದು ವಿಷಯದಲ್ಲಿ ಜಗಳವಾಡಬಹುದು. ಊರುವಾಗ ಹೀರಿಕೊಂಡ ಶಕ್ತಿ ಒತ್ತುವಾಗ ಹಿಂದಿರುಗುತ್ತದೆಯಾದ್ದರಿಂದ, ತುಂಡಿನಿಂದ ತುಂಡಿಗೆ ಏನೂ ದಾಟುವುದಿಲ್ಲವೆಂಬುದು ಅಳತೆಗೆ ನಿಲ್ಲುವುದಿಲ್ಲ. ಬೌದ್ಧನು ಇದಕ್ಕೆ, ದಾಟುವುದು ವಸ್ತುವಲ್ಲ, ಕಾರಣ ಮಾತ್ರ ಎಂದು ಉತ್ತರಿಸಿಯಾನು. ಆ ಉತ್ತರವನ್ನು ತಳ್ಳಿಹಾಕುವುದು ಸುಲಭವಲ್ಲ, ಏಕೆಂದರೆ ಶಕ್ತಿಯೆಂಬುದು ವಸ್ತುವೋ ಲೆಕ್ಕವೋ ಎಂಬುದನ್ನು ಭೌತಶಾಸ್ತ್ರಜ್ಞರೂ ಖಚಿತವಾಗಿ ಹೇಳುವುದಿಲ್ಲ.

ಆದರೆ ಮಾರಿಕುಪ್ಪಂನ ಕಾರ್ಮಿಕನು ಬುದ್ಧನ ಬಳಿಗೆ ಹೋದದ್ದು ತಾನು ಇಲ್ಲವೆಂದು ಕೇಳಿಸಿಕೊಳ್ಳುವುದಕ್ಕಲ್ಲ. ತನ್ನ ಈಗಿನ ಸ್ಥಿತಿ ಹಿಂದಿನ ಜನ್ಮದ ಫಲವೆಂಬ ಮಾತಿನಿಂದ ಬಿಡಿಸಿಕೊಳ್ಳುವುದಕ್ಕೆ, ತನಗೊಂದು ಇತಿಹಾಸವಿದೆಯೆಂದು ತಿಳಿಯುವುದಕ್ಕೆ ಅವನು ಹೋದನು. ಅಲ್ಲಿ ದೊರೆತ ತತ್ತ್ವದಲ್ಲಿ ಕರ್ತೃವನ್ನು ಅಳಿಸುವ ಮಾತೂ ಇತ್ತೆಂಬುದು ಈ ಚರಿತ್ರೆಯ ಒಳಗಿನ ಒಂದು ಬಿಗಿತ. ಆ ಚಳವಳಿಯು ಒತ್ತು ಕೊಟ್ಟದ್ದು ಅನಾತ್ಮವಾದಕ್ಕಿಂತ ಹೆಚ್ಚಾಗಿ ನೀತಿಗೆ, ಸಮಾನತೆಗೆ ಮತ್ತು ಇತಿಹಾಸಕ್ಕೆ ಎಂಬುದು ಆಕಸ್ಮಿಕವಲ್ಲ. ನಾನು ಕರ್ತೃವಲ್ಲ ಎಂದು ಸಾಧಕನೊಬ್ಬ ತನ್ನ ಬಗ್ಗೆ ಹೇಳಿಕೊಳ್ಳಬಹುದು, ಅದರಿಂದ ಅವನ ಅಹಂಕಾರ ಕರಗಬಹುದು. ಅದೇ ಮಾತನ್ನು ಇನ್ನೊಬ್ಬನು ಅವನ ಬಗ್ಗೆ ಹೇಳಿದರೆ ಅಲ್ಲಿ ಕರಗುವುದು ಅವನ ಕೂಲಿ.

ಗಣಿಯ ಲೆಕ್ಕಪತ್ರಗಳಲ್ಲಿ ಕೆಲಸವೆಂದರೆ ಮೇಲೆ ಬಂದ ಅದಿರು, ಅದರಿಂದ ಬಂದ ಚಿನ್ನ. 1902ರಲ್ಲಿ ಶಿವನಸಮುದ್ರದಿಂದ ಕಾವೇರಿಯ ವಿದ್ಯುತ್ತು ಇಲ್ಲಿಗೆ ಬಂದಾಗ ಆ ಶಕ್ತಿಗೆ ಅಳತೆಯಿತ್ತು, ಅಳತೆಗೆ ದರವಿತ್ತು, ಮೈಸೂರು ಸರ್ಕಾರಕ್ಕೆ ಕಂಪನಿಗಳು ಅದನ್ನು ಸಲ್ಲಿಸುತ್ತಿದ್ದವು. ರಾಗಿಯಿಂದ ಮತ್ತು ಅಕ್ಕಿಯಿಂದ ಬಂದ ಶಕ್ತಿಗೆ ಅಂಥ ಮೀಟರು ಇರಲಿಲ್ಲ. ಬಂಡೆಗೆ ಒತ್ತಿ ಡ್ರಿಲ್ಲನ್ನು ಹಿಡಿದು ನಿಂತವನ ತೋಳು ತೊಡೆಗಳು ಬಹುಪಾಲು ಹೊತ್ತು ಮಾಡುತ್ತಿದ್ದುದು ಹಿಡಿದಿರುವುದನ್ನು, ಅಂದರೆ ಭೌತಶಾಸ್ತ್ರವು ಸೊನ್ನೆಯೆಂದು ಬರೆಯುವ ಆ ಕೆಲಸವನ್ನೇ. ಹಿಡಿತಕ್ಕೆ ಉರಿದ ಇಂಧನವೆಲ್ಲ ಕೊನೆಗೆ ಶಾಖವಾಗುತ್ತದೆ. ಸ್ನಾಯು ನಿಜವಾಗಿ ಭಾರವನ್ನು ಎತ್ತುವಾಗಲೂ ಇಂಧನದ ಕಾಲುಭಾಗ ಮಾತ್ರ ಕೆಲಸವಾಗಿ ಉಳಿದ ಮುಕ್ಕಾಲು ಭಾಗ ಬಿಸಿಯಾಗಿ ಹೊರಬೀಳುತ್ತದೆ. ನೆಲದ ಮೇಲೆ ಈ ಬಿಸಿಯನ್ನು ಗಾಳಿ ಒಯ್ಯುತ್ತದೆ. ಇಲ್ಲಿನ ಚಾಂಪಿಯನ್ ರೀಫ್ ಗಣಿಯ ಮೂರು ಕಿಲೋಮೀಟರ್ ಆಳದಲ್ಲಿ ಬಂಡೆಯ ಉಷ್ಣತೆಯೇ 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತಿತ್ತು, ತೇವದ ಗಾಳಿಯಲ್ಲಿ ಬೆವರು ಆರುತ್ತಿರಲಿಲ್ಲ, ದೇಹವು ತನ್ನ ಬಿಸಿಯನ್ನು ಇಳಿಸುವ ಜಾಗವೇ ಅಲ್ಲಿರಲಿಲ್ಲ. ಇಲ್ಲಿನ ಕಾರ್ಮಿಕರು ಆಳದಲ್ಲಿ ಕುಸಿದು ಬೀಳುತ್ತಿದ್ದುದನ್ನು ಕ್ಯಾಪ್ಲನ್ ಎಂಬ ವೈದ್ಯರು 1940ರ ದಶಕದಲ್ಲಿ ವಿಶ್ಲೇಷಿಸಿದರು. ಲಿಂಡ್ಸೆ ಎಂಬವರೊಡನೆ ಅವರು ನಡೆಸಿದ ಪ್ರಯೋಗಗಳು ಆಳದ ಗಣಿಯ ಉಷ್ಣತೆಯು ದುಡಿಮೆಯ ದಕ್ಷತೆಯನ್ನು ಹೇಗೆ ತಗ್ಗಿಸುತ್ತದೆಂಬುದನ್ನು ಪರೀಕ್ಷಿಸಿದವು, ಮತ್ತು ಗಣಿವೈದ್ಯದಲ್ಲಿ ಅವು ಮುಂದೆಯೂ ಉಲ್ಲೇಖಕ್ಕೆ ಬಂದವು. ಅವು ನಡೆದದ್ದು ಉತ್ಪಾದನೆಯ ಕಾಳಜಿಯಿಂದಲೂ ಹೌದು. ಆದರೂ ಹೊರುವುದಕ್ಕೂ ಸಹಿಸುವುದಕ್ಕೂ ದೇಹ ತೆರುವ ಬೆಲೆ ಬರಹಕ್ಕಿಳಿದದ್ದು ಅಲ್ಲಿ.

ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ತ್ವವನ್ನು ಈ ಜಾಗದಲ್ಲಿ ನೆನೆಯಬೇಕಾಗುತ್ತದೆ, ಏಕೆಂದರೆ ಅದು ದುಡಿಯುವ ದೇಹವನ್ನು ಆತ್ಮದ ಉಪಕರಣವೆನ್ನದೆ ಪೂಜೆಯ ಸ್ಥಳವೆಂದೇ ಭಾವಿಸಿತು ಮತ್ತು ನಿಂತ ಸ್ಥಾವರಕ್ಕಿಂತ ಚಲಿಸುವ ಜಂಗಮವನ್ನು ಮೇಲಿಟ್ಟಿತು. ಬಂಗಾರಪೇಟೆ ಮತ್ತು ಕೆಜಿಎಫ್‌ಗೆ ಸಮೀಪದ ಕಮ್ಮಸಂದ್ರದಲ್ಲಿ 108 ಅಡಿಯ ಲಿಂಗದ ಸುತ್ತ ಕಲ್ಲಿನ ಲಿಂಗಗಳನ್ನು ಕೋಟಿಯ ಗುರಿಯಿಟ್ಟು ಸ್ಥಾಪಿಸುತ್ತ ಬಂದಿರುವುದನ್ನು ಕಂಡರೆ, ಸ್ಥಾವರದ ಆಕರ್ಷಣೆ ಅಷ್ಟು ಸುಲಭವಾಗಿ ಬಿಟ್ಟುಹೋಗುವಂಥದಲ್ಲವೆಂದೂ ತೋರುತ್ತದೆ.

ಕರ್ತೃತ್ವದ ಪ್ರಶ್ನೆಗೆ ಈ ಸೀಮೆಯ ಅತ್ಯಂತ ಸಮೃದ್ಧವಾದ ಉತ್ತರ ಗ್ರಂಥದಲ್ಲಿಲ್ಲ, ಕರಗದಲ್ಲಿದೆ. ಕೋಲಾರ ಜಿಲ್ಲೆಯ ಹಲವು ಊರುಗಳಲ್ಲಿ, ಬೆಂಗಳೂರಿನಲ್ಲಿದ್ದಂತೆಯೇ, ತಿಗಳ ಸಮುದಾಯದವರು ಧರ್ಮರಾಯಸ್ವಾಮಿಯ ಗುಡಿಯಿಂದ ದ್ರೌಪದಿಯ ಕರಗವನ್ನು ಹೊರಡಿಸುತ್ತಾರೆ. ಹೂವಿನಿಂದ ಅಲಂಕರಿಸಿದ ಕರಗವನ್ನು ಪೂಜಾರಿಯು ತಲೆಯ ಮೇಲೆ ಹೊತ್ತು, ಕೈಯಿಂದ ಹಿಡಿಯದೆ, ರಾತ್ರಿಯಿಡೀ ಬೀದಿಬೀದಿಗಳಲ್ಲಿ ನಡೆಯುತ್ತಾನೆ, ಕುಣಿಯುತ್ತಾನೆ, ಓಡುತ್ತಾನೆ. ಕತ್ತಿ ಹಿಡಿದ ವೀರಕುಮಾರರು ಅವನ ಸುತ್ತ ಓಡುತ್ತಾರೆ. ಹೊತ್ತವನಲ್ಲಿ ದೇವಿ ನೆಲೆಸಿರುವುದರಿಂದ ಭಾರವು ಅವನದಲ್ಲವೆಂದು ನಂಬಿಕೆ.

ತಲೆಯ ಹೊರೆಯ ಯಂತ್ರಶಾಸ್ತ್ರವು ಈ ನಂಬಿಕೆಯ ಬಳಿಗೆ ಅನಿರೀಕ್ಷಿತವಾದ ಎರಡು ದಾರಿಗಳಿಂದ ಬರುತ್ತದೆ. ಕೀನ್ಯದ ಲುವೊ ಮತ್ತು ಕಿಕುಯು ಹೆಂಗಸರು ತಮ್ಮ ದೇಹತೂಕದ ಐದನೆಯ ಒಂದು ಭಾಗದಷ್ಟು ಹೊರೆಯನ್ನು ಹೊತ್ತು ನಡೆಯುವಾಗ ಬರಿಗೈಯಲ್ಲಿ ನಡೆಯುವುದಕ್ಕಿಂತ ಹೆಚ್ಚಿನ ಆಮ್ಲಜನಕವನ್ನು ಬಳಸುವುದಿಲ್ಲವೆಂದು 1986ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಎಳವೆಯಿಂದ ಹೊತ್ತು ಪಳಗಿದವರಲ್ಲಿ ನಡಿಗೆಯ ಏರಿಳಿತದ ಕೊಡುಕೊಳ್ಳುವಿಕೆ ಇನ್ನಷ್ಟು ನಯವಾಗುತ್ತದೆ, ಹೊರೆಯ ಖರ್ಚು ಅಲ್ಲಿ ಮರೆಯಾಗುತ್ತದೆ. ಭಾರವು ಅವನದಲ್ಲವೆಂಬ ಮಾತಿಗೆ ಇದು ಒಂದು ಬಗೆಯ ಸಾಕ್ಷಿ. ಆದರೆ ನಡಿಗೆ ಓಟವಾದಾಗ ಸಾಕ್ಷಿ ತಿರುಗಿಬೀಳುತ್ತದೆ. ಓಡುವಾಗ ತಲೆ ಕುಲುಕದಿರಬೇಕಾದರೆ ಮಂಡಿಯನ್ನು ಹೆಚ್ಚು ಬಾಗಿಸಿ ಕಾಲನ್ನು ಮೆತ್ತಗೆ ಊರಬೇಕು. ಹಾಗೆ ಮಂಡಿ ಬಾಗಿಸಿ ಓಡಿದರೆ ದೇಹದ ಕುಲುಕಾಟ ತಗ್ಗುತ್ತದೆಯಾದರೂ ಆಮ್ಲಜನಕದ ಖರ್ಚು ಶೇಕಡಾ 50ರವರೆಗೂ ಏರಬಹುದೆಂದು ಥಾಮಸ್ ಮ್ಯಾಕ್‌ಮಹನ್ ಮತ್ತು ಜೊತೆಗಾರರು 1987ರಲ್ಲಿ ಕಂಡುಕೊಂಡರು. ಕಾರಣ ಸರಳ: ಬಾಗಿದ ಮಂಡಿಯ ಸುತ್ತ ದೇಹತೂಕದ ಸನ್ನೆ ಉದ್ದವಾಗುತ್ತದೆ, ತೊಡೆಯ ಸ್ನಾಯು ಹೆಚ್ಚು ಬಲವಾಗಿ ಹಿಡಿಯಬೇಕಾಗುತ್ತದೆ. ತಲೆಯ ಮೇಲಿನ ನಿಶ್ಚಲತೆಯ ಬೆಲೆಯನ್ನು ತೊಡೆ ತೆರುತ್ತದೆ.

ಇದರಿಂದ ಆವೇಶವು ಸುಳ್ಳೆಂದು ಸಾಧಿಸಿದಂತಾಗುವುದಿಲ್ಲ. ಆವೇಶದ ನಂಬಿಕೆಯು ಹೊತ್ತವನ ಆಮ್ಲಜನಕ ಕಡಿಮೆ ಖರ್ಚಾಗುತ್ತದೆಂದು ಎಲ್ಲೂ ಹೇಳಿಲ್ಲ. ಖರ್ಚು ಯಾರ ಹೆಸರಿನಲ್ಲಿ ಆಗುತ್ತದೆಂಬುದನ್ನು ಮಾತ್ರ ಅದು ಹೇಳುತ್ತದೆ. ಇಲ್ಲಿ ಗಣಿಗೂ ಕರಗಕ್ಕೂ ಇರುವ ವ್ಯತ್ಯಾಸ ದೊಡ್ಡದು. ಗಣಿಯಲ್ಲಿ ಹೊತ್ತವನ ಹಿಡಿತವು ಲೆಕ್ಕಕ್ಕೆ ಬರಲಿಲ್ಲ, ಅವನ ಕರ್ತೃತ್ವವನ್ನು ಬೇರೆಯವರು ಅವನಿಂದ ತೆಗೆದುಕೊಂಡರು. ಕರಗದಲ್ಲಿ ಅವನು ತಾನಾಗಿ ಅದನ್ನು ಬಿಟ್ಟುಕೊಡುತ್ತಾನೆ, ಮತ್ತು ಬಿಟ್ಟುಕೊಟ್ಟ ಆ ರಾತ್ರಿಯೇ ಊರಿನ ಕಣ್ಣೆಲ್ಲ ಅವನ ಕಾಲಿನ ಮೇಲಿರುತ್ತದೆ. ದೇವಿಯೇ ನಡೆಸುತ್ತಾಳೆಂದು ನಂಬುವ ಅದೇ ಸಮುದಾಯವು ವೀರಕುಮಾರರನ್ನು ಪಳಗಿಸಲು ಗರಡಿ ಮನೆಗಳನ್ನು ಕಟ್ಟಿಕೊಂಡು ಬಂದಿದೆ, ಕರಗ ಹೊರುವವನಿಗೆ ವ್ರತವನ್ನೂ ಆಹಾರದ ನಿಯಮವನ್ನೂ ಅಭ್ಯಾಸವನ್ನೂ ವಿಧಿಸಿದೆ. ಶಕ್ತಿ ದೇವಿಯದಾದರೆ ಬಸ್ಕಿ ಹೊಡೆಯುವುದೇಕೆ ಎಂಬ ತಾರ್ಕಿಕನ ಆಕ್ಷೇಪವು ಅಲ್ಲಿ ಯಾರಿಗೂ ಆಕ್ಷೇಪವಾಗಿ ಕೇಳಿಸುವುದಿಲ್ಲ. ದೇವಿ ಬಂದಾಗ ನಿಲ್ಲಲು ಗಟ್ಟಿಯಾದ ಕಾಲು ಬೇಕು, ಆ ಕಾಲನ್ನು ಸಿದ್ಧಮಾಡುವುದು ಹೊರುವವನ ಪಾಲಿನ ಕೆಲಸ ಎಂದು ಅವರು ತಿಳಿದಿದ್ದಾರೆ.